ಕಂಪನಿಯೇ ಇಲ್ಲದ ಮೇಲೆ ವಾರಂಟಿ ಎಲ್ಲಿಂದ?

ಮೊನ್ನೆ ಅಮೆರಿಕದಿಂದ ನಮ್ಮ ದೊಡ್ಡಪ್ಪನ ಮಗ ಬಂದಿದ್ದ. ಅಲ್ಲಿ ಅವನ ಹತ್ತಿರ ಮೂವತ್ತು ವರ್ಷ ಹಳೆಯದಾದ ಒಂದು ಮಜ್ದಾ ಮಿಯಾಟಾ ಇದೆ. ಎರಡೇ ಸೀಟು, ಬಟ್ಟೆಯ ಮೇಲ್ಛಾವಣಿ, ಪುಟ್ಟ ಸ್ಪೋರ್ಟ್ಸ್ ಕಾರು. "ವಾರಂಟಿ ಮುಗಿದು ಕಾಲು ಶತಮಾನದ ಮೇಲಾಯ್ತು ಕಣೋ. ವರ್ಷಾ ವರ್ಷಾ ದುಡ್ಡು ತಿನ್ನುತ್ತೆ. ಆದ್ರೂ ಮಾರೋಕೆ ಮನಸ್ಸು ಬರಲ್ಲ" ಅಂದ. ನಾನು ಅವನ ಕೈಗೆ ಕಾಫಿ ಲೋಟ ಕೊಟ್ಟು, ಹಿತ್ತಲಿನ ಶೆಡ್ಡಿಗೆ ಕರೆದುಕೊಂಡು ಹೋಗಿ ಟಾರ್ಪಾಲಿನ್ ಸರಿಸಿದೆ. ಅಪ್ಪ 1985ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್. "ನಿನ್ನ ಕಾರಿಗೆ ವಾರಂಟಿ ಮಾತ್ರ ಇಲ್ಲ ಕಣಣ್ಣ, ಇದಕ್ಕೆ ಕಂಪನಿಯೇ ಇಲ್ಲ" ಅಂದೆ.

ಅವನು ನಕ್ಕ. ಆದರೆ ಅವನು ಹೋದ ಮೇಲೆ ನನಗೆ ಅದೇ ಮಾತು ತಲೆಯಲ್ಲಿ ಉಳಿಯಿತು. ಮಿಯಾಟಾ ಮಾರುಕಟ್ಟೆಗೆ ಬಂದಿದ್ದು 1989ರಲ್ಲಿ. ಆ ಮೊದಲ ಮಾದರಿಯ ಕಾರುಗಳನ್ನು ಹೊಸದರಂತೆ ಮಾಡಿಕೊಡುವ ಯೋಜನೆಯೊಂದನ್ನು 2017ರಲ್ಲಿ ಮಜ್ದಾ ಕಂಪನಿಯೇ ಜಪಾನಿನಲ್ಲಿ ಪ್ರಕಟಿಸಿತು. ನಿಂತುಹೋಗಿದ್ದ ಬಿಡಿಭಾಗಗಳನ್ನು ಮತ್ತೆ ತಯಾರಿಸಲು ಶುರು ಮಾಡಿತು. ಜರ್ಮನಿಯ ಪೋರ್ಷೆಗೆ ಹಳೆಯ ಕಾರುಗಳಿಗೆಂದೇ ಪ್ರತ್ಯೇಕ ವಿಭಾಗ ಇದೆ. ಅಂದರೆ ಅಲ್ಲಿ ವಾರಂಟಿ ಸತ್ತರೂ ಕಂಪನಿ ಬದುಕಿದೆ. ನಮ್ಮ ಮೈಸೂರಿನ ಗಾಡಿಯನ್ನು ಹುಟ್ಟಿಸಿದ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಹಾಗಿದ್ದೂ ಇವತ್ತಿಗೂ ಮೈಸೂರಿನ ರಸ್ತೆಗಳಲ್ಲಿ ಜಾವಾ, ಯೆಜ್ಡಿ ಓಡುತ್ತಿವೆ. ಹೇಗೆ? ಯಾರ ಭರವಸೆಯ ಮೇಲೆ? ಈ ಬರಹ ಅದರ ಬಗ್ಗೆ.

(ವಾರಂಟಿ ಅನ್ನೋ ಪದವನ್ನೇ ಬಳಸ್ತೀನಿ. 2023ರ ಚುನಾವಣೆ ಆದಮೇಲೆ ಕರ್ನಾಟಕದಲ್ಲಿ 'ಗ್ಯಾರಂಟಿ' ಅಂದ್ರೆ ಜನ ಬೇರೇನೋ ಅಂದುಕೊಳ್ತಾರೆ :-) )

ಕಥೆಯನ್ನು ಸ್ವಲ್ಪ ಹಿಂದಿನಿಂದ ಶುರು ಮಾಡೋಣ. ಜಾವಾ ಅನ್ನುವುದು ಇಂಡೋನೇಷ್ಯಾದ ದ್ವೀಪದ ಹೆಸರಿನಿಂದ ಬಂದದ್ದಲ್ಲ. ಝೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟರ್ ಸೈಕಲ್ ವಿಭಾಗವನ್ನು ಕೊಂಡ. ಯಾನೆಚೆಕ್‌ನ ಮೊದಲ ಎರಡಕ್ಷರ, ವಾಂಡರರ್‌ನ ಮೊದಲ ಎರಡಕ್ಷರ ಸೇರಿ ಇಂಗ್ಲಿಷ್ ಲಿಪಿಯಲ್ಲಿ ನಾವು 'ಜಾವಾ' ಅಂತ ಓದುವ ಹೆಸರಾಯಿತು. ಝೆಕ್ ಜನ 'ಯಾವಾ' ಅನ್ನುತ್ತಾರೆ.

ಈ ಗಾಡಿಗಳನ್ನು ಇಲ್ಲೇ ತಯಾರಿಸಲು ಮುಂಬೈಯ ಇರಾನಿ ಮನೆತನದ ರುಸ್ತಂ ಇರಾನಿ ಮತ್ತು ಫಾರೂಕ್ ಇರಾನಿಯವರು ಮುಂದಾದರು. ಐಡಿಯಲ್ ಜಾವಾ ಅನ್ನುವ ಕಂಪನಿ ಹುಟ್ಟಿತು. ಜಾಗ, ನಮ್ಮ ಯಾದವಗಿರಿ. ಕಾರ್ಖಾನೆ ಶುರುವಾದದ್ದು 1961ರಲ್ಲಿ. ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ರೇಷ್ಮೆ ಕಾರ್ಖಾನೆ, ಗಂಧದೆಣ್ಣೆ ಕಾರ್ಖಾನೆ, ಬಣ್ಣದ ಕಾರ್ಖಾನೆ, ಅಶೋಕಪುರದ ರೈಲ್ವೆ ವರ್ಕ್‌ಶಾಪು ಇದ್ದ ಊರಿಗೆ ಮೋಟರ್ ಸೈಕಲ್ಲೂ ಬಂತು. ಅರಮನೆ ಊರು, ನಿವೃತ್ತರ ಊರು ಅಂತ ಹೊರಗಿನವರು ಹೇಳುವಾಗ ನಾವು ಮರೆಯುವ ಇನ್ನೊಂದು ಮೈಸೂರು ಇದು. ಶಿಫ್ಟ್ ಮುಗಿದ ಮೇಲೆ ಕೈಗೆ ಅಂಟಿದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದುಕೊಳ್ಳುವ ಮೈಸೂರು.

ಮೊದಲು ಬಂದದ್ದು ಜಾವಾ 250. ಮೆರೂನ್ ಬಣ್ಣ, ಕ್ರೋಮ್ ಟ್ಯಾಂಕು, ಅದರ ಎರಡೂ ಬದಿಗೆ ಮೊಣಕಾಲು ಒರಗಿಸಲು ರಬ್ಬರ್ ಪ್ಯಾಡು. ಒಂದೇ ಸಿಲಿಂಡರ್, ಆದರೆ ಸೈಲೆನ್ಸರ್ ಎರಡು. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಸ್ಟಾರ್ಟ್ ಮಾಡುವಾಗ ಅದನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್, ಬಿಟ್ಟರೆ ಮತ್ತೆ ಗೇರ್. ಆ ಗೇರ್ ಲಿವರನ್ನು ಕಾಲಲ್ಲಿ ಒತ್ತಿದರೆ ಕ್ಲಚ್ ತಾನಾಗಿ ಬಿಡುತ್ತಿತ್ತು, ಕೈಯಲ್ಲಿ ಹಿಡಿಯಲೇಬೇಕು ಅಂತಿರಲಿಲ್ಲ. 1960ರ ದಶಕದ ಗಾಡಿಯಲ್ಲಿ ಇದು!

1973ರಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಯಜ್ದ್ ಅನ್ನುವುದು ಇರಾನಿನ ಒಂದು ಊರು, ಪಾರ್ಸಿಗಳ ಮೂಲ ನೆಲೆಗಳಲ್ಲಿ ಒಂದು. ಝೆಕ್ ಭಾಷೆಯಲ್ಲಿ 'ಯೆಜ್ದಿ' ಅಂದರೆ 'ಸವಾರಿ ಮಾಡುತ್ತಾನೆ' ಅಂತ. ಎರಡೂ ಕಡೆಗೆ ಹೊಂದುವ ಹೆಸರು. ಇನ್ನೊಂದು ತಮಾಷೆ ನೋಡಿ, ನಮ್ಮಣ್ಣನ ಕಾರಿನ ಮಜ್ದಾ ಹೆಸರಿಗೂ ಪಾರ್ಸಿಗಳ ದೇವರು ಅಹುರ ಮಜ್ದಾನಿಗೂ ನಂಟಿದೆ ಅಂತ ಆ ಕಂಪನಿಯೇ ಹೇಳಿಕೊಳ್ಳುತ್ತದೆ. ನಮ್ಮಿಬ್ಬರ ಗಾಡಿಗಳೂ ಹೆಸರಿನಲ್ಲಿ ದೂರದ ನೆಂಟರು!

1978ರಲ್ಲಿ ರೋಡ್‌ಕಿಂಗ್ ಬಂತು. ಇದು ನಮ್ಮ ಕಾಲದ ಸ್ಪೋರ್ಟ್ಸ್ ಕಾರು ಅಂದರೆ ಅತಿಶಯೋಕ್ತಿ ಅಲ್ಲ. ಹಳೆಯ ಜಾವಾದ್ದು 12 ಅಶ್ವಶಕ್ತಿ, ರೋಡ್‌ಕಿಂಗ್‌ದು 16. ಇವತ್ತಿನ ಹುಡುಗರಿಗೆ 16 ಅಂದರೆ ನಗು ಬರಬಹುದು. ಆದರೆ ಸ್ಕೂಟರಿಗೆ ಬುಕ್ ಮಾಡಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಅದು. ಮೋಟರ್ ಸೈಕಲ್ ಬೇಕು ಅಂದರೆ ಬುಲೆಟ್, ರಾಜದೂತ್, ಯೆಜ್ಡಿ, ಅಷ್ಟೇ. ಆ ಕಾಲದಲ್ಲಿ ಚಾಮುಂಡಿಬೆಟ್ಟದ ತಿರುವುಗಳನ್ನು ಇಬ್ಬರು ಕೂತು ಮೂರನೇ ಗೇರಿನಲ್ಲಿ ಹತ್ತುವ ಗಾಡಿ ಅಂದರೆ ಕಾಲೇಜು ಹುಡುಗರ ಕಣ್ಣು ಅದರ ಮೇಲೆಯೇ. ಕಂಪನಿಯ ಜಾಹೀರಾತಿನ ಮಾತು 'ಫಾರೆವರ್ ಬೈಕ್, ಫಾರೆವರ್ ವ್ಯಾಲ್ಯೂ' ಅಂತ. ಶಾಶ್ವತವಾದ ಬೈಕ್, ಶಾಶ್ವತವಾದ ಬೆಲೆ.

ಶಾಶ್ವತ ಅಂದವರೇ ಉಳಿಯಲಿಲ್ಲ. 1984-85ರ ಹೊತ್ತಿಗೆ ಜಪಾನಿನವರ ಜೊತೆ ಸೇರಿ ಮಾಡಿದ 100 ಸಿಸಿ ಗಾಡಿಗಳು ಬಂದವು. ಇಂಡ್-ಸುಜುಕಿ, ಹೀರೋ ಹೋಂಡಾ, ಯಮಾಹಾ ಆರ್‌ಎಕ್ಸ್ 100. ಹೀರೋ ಹೋಂಡಾ ಸಿಡಿ 100 ಒಂದು ಲೀಟರಿಗೆ ಕೊಡುವ ದೂರದ ಅರ್ಧವನ್ನೂ ಯೆಜ್ಡಿ ಕೊಡುತ್ತಿರಲಿಲ್ಲ. ಕಾರ್ಖಾನೆಯೊಳಗೆ ಕಾರ್ಮಿಕರ ತಕರಾರುಗಳೂ ಇದ್ದವು. ಹೊಗೆಯ ಮೇಲಿನ ನಿಯಮ 1996ರಲ್ಲಿ ಇನ್ನಷ್ಟು ಬಿಗಿಯಾಯಿತು, ಹಳೆಯ ಟೂ ಸ್ಟ್ರೋಕ್ ಎಂಜಿನ್ನಿಗೆ ಅದು ಕಷ್ಟದ ಪರೀಕ್ಷೆ. ಅದೇ ವರ್ಷ ಕಾರ್ಖಾನೆ ನಿಂತಿತು. ಆಮೇಲೆ ಕಂಪನಿ ಕೋರ್ಟಿನ ಮೂಲಕ ಸಮಾಪನೆಗೆ ಹೋಯಿತು. ಯಾದವಗಿರಿಯ ಗೇಟಿಗೆ ಬೀಗ ಬಿದ್ದಾಗ ಎಷ್ಟೋ ಮನೆಗಳಲ್ಲಿ ಒಲೆ ತಣ್ಣಗಾಯಿತು. ಇದನ್ನು ಮರೆತು ಬರೀ ಗಾಡಿಯ ಗುಣಗಾನ ಮಾಡಿದರೆ ತಪ್ಪಾಗುತ್ತೆ.



ನಾನು ಹೇಳಬೇಕು ಅಂತಿರುವ ವಿಷಯ ಇಲ್ಲಿಂದ ಶುರು.

ಕಾರ್ಖಾನೆ ಮುಚ್ಚಿದಾಗ ಅಲ್ಲಿದ್ದ ಯಂತ್ರಗಳು ನಿಂತವು, ಆದರೆ ಕೈಗಳು ನಿಲ್ಲಲಿಲ್ಲ. ಕೆಲವರು ಬೇರೆ ಕಾರ್ಖಾನೆ ಸೇರಿದರು, ಕೆಲವರು ಆಟೋ ಓಡಿಸಿದರು, ಕೆಲವರು ಸಣ್ಣದೊಂದು ಶೆಡ್ ಹಾಕಿಕೊಂಡು ಅದೇ ಗಾಡಿಗಳನ್ನು ರಿಪೇರಿ ಮಾಡುತ್ತಾ ಉಳಿದರು. ನಮ್ಮ ರೋಡ್‌ಕಿಂಗ್ ನೋಡಿಕೊಳ್ಳುವವರು ಅಂಥವರಲ್ಲಿ ಒಬ್ಬರು. ನಾವೆಲ್ಲ ಅವರನ್ನು ಭಾಯ್ ಅಂತಲೇ ಕರೆಯೋದು. ಎಂಜಿನ್ ಜೋಡಿಸುವ ಲೈನಿನಲ್ಲಿ ಕೆಲಸ ಮಾಡಿದವರು. ಈಗ ಮಂಡಿ ಮೊಹಲ್ಲಾದ ಒಂದು ಗಲ್ಲಿಯಲ್ಲಿ ಹತ್ತಡಿಗೆ ಹನ್ನೆರಡಡಿಯ ಶೆಡ್ಡು. ಬೋರ್ಡು ಇಲ್ಲ, ಬೇಕಾಗಿಯೂ ಇಲ್ಲ.

2001ರಲ್ಲಿ ಒಮ್ಮೆ ನಮ್ಮ ಗಾಡಿ ಬೆಳ್ಳಗೆ ಹೊಗೆ ಕಾರತೊಡಗಿತು. ಗೇರ್ ಬಾಕ್ಸಿನ ಆಯಿಲ್ ವಾರಕ್ಕೊಮ್ಮೆ ಕಮ್ಮಿ. ಒಂದು ಗ್ಯಾರೇಜಿನವರು ಬೋರ್ ಹೋಗಿದೆ ಅಂತ ಪಿಸ್ಟನ್ ಬದಲಾಯಿಸಿದರು. ಹೊಗೆ ಹಾಗೇ ಇತ್ತು. ಅಪ್ಪ ಭಾಯ್ ಹತ್ತಿರ ತೆಗೆದುಕೊಂಡು ಹೋದರು. ಭಾಯ್ ಗಾಡಿ ಮುಟ್ಟಲೂ ಇಲ್ಲ. ಹೊಗೆಯ ವಾಸನೆ ನೋಡಿ, "ಸಾರ್, ಪಿಸ್ಟನ್ ಅಲ್ಲ. ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿದೆ, ಎಂಜಿನ್ನು ಗೇರ್ ಆಯಿಲ್ ಕುಡೀತಾ ಇದೆ" ಅಂದರು. ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್ ಮೊದಲು ಕ್ರ್ಯಾಂಕ್ ಕೇಸಿನೊಳಗೆ ಬಂದು ಆಮೇಲೆ ಮೇಲಕ್ಕೆ ಹೋಗುತ್ತೆ. ಹಾಗಾಗಿ ಕ್ರ್ಯಾಂಕಿನ ಎರಡು ತುದಿಯ ರಬ್ಬರ್ ಸೀಲುಗಳು ಗಾಳಿಯಾಡದಂತೆ ಇರಲೇಬೇಕು. ಕ್ಲಚ್ ಕಡೆಯದು ಹೋದರೆ ಆಯಿಲ್ ಕುಡಿದು ಹೊಗೆ. ಇನ್ನೊಂದು ಕಡೆಯದು ಹೋದರೆ ಹೊರಗಿನ ಗಾಳಿ ಎಳೆದುಕೊಂಡು, ಎಂಜಿನ್ ವಿಪರೀತ ಕಾದು, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತೆ. ಮೊದಲನೆಯದು ಕಣ್ಣಿಗೆ ಕಾಣುವ ರೋಗ, ಎರಡನೆಯದು ಕಾಣದ ರೋಗ. ಎರಡಕ್ಕೂ ಮದ್ದು ಹೆಚ್ಚು ಬೆಲೆಯದಲ್ಲದ ಒಂದು ಸೀಲು. ಗೊತ್ತಿರಬೇಕು, ಅಷ್ಟೇ.

ಕಾಣದ ರೋಗದ ಅನುಭವವೂ ನನಗಾಗಿದೆ. ಭಾಯ್ ಊರಲ್ಲಿಲ್ಲದ ಹೊತ್ತಲ್ಲಿ ಒಂದು ಅಂಗಡಿಯಿಂದ 'ಕಂಪನಿ ಮಾಲು' ಅಂತ ಸೀಲು ತಂದು ಬೇರೆ ಕಡೆ ಹಾಕಿಸಿದೆ. ಹಳೆಯ ಡಬ್ಬಿ, ಹಳೆಯ ಲೇಬಲ್, ಒಳಗಿದ್ದದ್ದು ಮಾತ್ರ ಲೋಕಲ್ ಮಾಲು. ನಂಜನಗೂಡು ರಸ್ತೆಯಲ್ಲಿ ಅರವತ್ತರ ವೇಗದಲ್ಲಿ ಹೋಗುತ್ತಿದ್ದಾಗ ಹಿಂದಿನ ಚಕ್ರ ಇದ್ದಕ್ಕಿದ್ದಂತೆ ಹಿಡಿದುಕೊಂಡಿತು. ಕ್ಲಚ್ ಹಿಡಿದದ್ದರಿಂದ ಬಚಾವಾದೆ. ಹಿಂದೆ ಲಾರಿ ಇದ್ದಿದ್ದರೆ ಈ ಬರಹ ಇರುತ್ತಿರಲಿಲ್ಲ. ರೀಬೋರ್, ದೊಡ್ಡ ಸೈಜಿನ ಪಿಸ್ಟನ್, ಕ್ರ್ಯಾಂಕ್ ಬಿಚ್ಚಿ ಕನೆಕ್ಟಿಂಗ್ ರಾಡ್ ಕಿಟ್, ಎಲ್ಲ ಸೇರಿ ಆ ತಿಂಗಳ ಸಂಬಳದ ದೊಡ್ಡ ಪಾಲು ಹೋಯಿತು. "ಡಬ್ಬಿ ನೋಡಬೇಡ ಕಣಪ್ಪಾ, ರಬ್ಬರ್ ತುಟಿ ಬಗ್ಗಿಸಿ ನೋಡು" ಅಂತ ಭಾಯ್ ಆಮೇಲೆ ಬೈದರು. ಹಳೆಯ ಗಾಡಿ ಇಟ್ಟುಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಪಾಠ ಇಲ್ಲ. ವಾರಂಟಿ ಇರುವಾಗ ನಂಬಿಕೆ ಡಬ್ಬಿಯ ಮೇಲೆ. ಇಲ್ಲದಾಗ ಬೆರಳಿನ ಮೇಲೆ.

ಈ ಗಾಡಿಗಳು ಉಳಿದುಕೊಂಡದ್ದಕ್ಕೆ ಇನ್ನೊಂದು ಕಾರಣ ವಿನ್ಯಾಸ. 35 ವರ್ಷಗಳಲ್ಲಿ ಕಂಪನಿ ಮೂಲ ಸ್ವರೂಪವನ್ನು ಹೆಚ್ಚು ಬದಲಿಸಲಿಲ್ಲ. ಆಗ ಅದು ದೊಡ್ಡ ದೋಷ, ಕಂಪನಿ ಮುಳುಗಿದ್ದಕ್ಕೆ ಅದೂ ಒಂದು ಕಾರಣ. ಆದರೆ ಅದೇ ದೋಷ ಮಾಲೀಕರಿಗೆ ವರವಾಯಿತು. ಎಷ್ಟೋ ಭಾಗಗಳು ಒಂದರದ್ದು ಇನ್ನೊಂದಕ್ಕೆ ಹೊಂದುತ್ತವೆ. ಗುಜರಿಗೆ ಹೋದ ಒಂದು ಗಾಡಿ ಇನ್ನು ಮೂರನ್ನು ಬದುಕಿಸುತ್ತೆ. ಎಂಜಿನ್ನಿನಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಕಾಂಟ್ಯಾಕ್ಟ್ ಪಾಯಿಂಟಿನ ಸಂದು 0.4 ಮಿಲಿಮೀಟರ್ ಇದ್ದರೆ ಕಿಡಿ, ಇಲ್ಲದಿದ್ದರೆ ಇಲ್ಲ. ಸೈಲೆನ್ಸರಿನಲ್ಲಿ ಮಸಿ ಕಟ್ಟಿದರೆ ಬಿಚ್ಚಿ ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ತೊಳೆಯಬಹುದು. ಲೇತ್ ಇರುವ ಟರ್ನರ್ ಒಬ್ಬರು, ಒಂದು ಪ್ರೆಸ್, ಒಂದು ವೆಲ್ಡಿಂಗ್ ಅಂಗಡಿ, ಇಷ್ಟಿದ್ದರೆ ಊರೇ ಒಂದು ಸರ್ವಿಸ್ ಸೆಂಟರು.

ಹಳೆಯ ಜಾವಾ 250 ಇಟ್ಟುಕೊಂಡವರ ಪುಣ್ಯ ಇನ್ನೂ ಜಾಸ್ತಿ. ಆ ಮಾದರಿ ಮೂಲತಃ ಝೆಕ್ ಜನರದ್ದಾದ್ದರಿಂದ ಅಲ್ಲಿನ ಸಣ್ಣ ಕಾರ್ಖಾನೆಗಳು ಇವತ್ತಿಗೂ ಅದರ ಬಿಡಿಭಾಗ ಮಾಡುತ್ತವೆ. ರೋಡ್‌ಕಿಂಗ್ ಮೈಸೂರಿನ ಕೂಸು. ತವರು ಮುಚ್ಚಿದ ಮೇಲೆ ಅದಕ್ಕೆ ಊರಿನ ಲೇತುಗಳೇ ಗತಿ.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಮೈಸೂರಿನಲ್ಲೂ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಹೊಳೆಯುವ ಟ್ಯಾಂಕುಗಳ ಫೋಟೋ ತೆಗೆಯುವವರೇ ಹೆಚ್ಚು. ಆದರೆ ಸ್ವಲ್ಪ ಹೊತ್ತು ನಿಂತು ಕೇಳಿ. "ನಿನ್ನ ಹತ್ರ ಎಡಗಡೆ ಕವರ್ ಇದ್ಯಾ?", "ಹಾಸನದಲ್ಲಿ ಒಬ್ಬರ ಹತ್ರ ಎರಡು ಸಿಲಿಂಡರ್ ಇದ್ಯಂತೆ", ಇಂಥ ಮಾತುಗಳೇ. ಕಂಪನಿಯ ಸ್ಪೇರ್ ಪಾರ್ಟ್ಸ್ ಗೋದಾಮು ಈಗ ಜನರ ಅಟ್ಟಗಳಲ್ಲಿ ಹಂಚಿಹೋಗಿದೆ, ಅದರ ಲೆಕ್ಕದ ಪುಸ್ತಕ ಜನರ ಬಾಯಲ್ಲಿದೆ.



ಹೊಸ ಜಾವಾ ಬಂದಿದೆಯಲ್ಲ, ಅದನ್ನೇ ತೆಗೆದುಕೋ ಅನ್ನುವವರಿದ್ದಾರೆ. ಹೌದು, 2018ರ ನವೆಂಬರ್‌ನಲ್ಲಿ ಮಹೀಂದ್ರಾ ಗುಂಪಿನ ಕ್ಲಾಸಿಕ್ ಲೆಜೆಂಡ್ಸ್ ಜಾವಾ ಹೆಸರನ್ನು ಮತ್ತೆ ತಂದಿತು, 2022ರ ಜನವರಿಯಲ್ಲಿ ಯೆಜ್ಡಿಯನ್ನೂ ತಂದಿತು. ಆ ಕಂಪನಿ ಕಟ್ಟಿದವರಲ್ಲಿ ರುಸ್ತಂ ಇರಾನಿಯವರ ಮಗ ಬೊಮನ್ ಇರಾನಿಯೂ ಒಬ್ಬರು. ಒಳ್ಳೆಯ ಗಾಡಿಗಳು, ವಾರಂಟಿಯೂ ಇದೆ. ಆದರೆ ಅವು ಫೋರ್ ಸ್ಟ್ರೋಕ್, ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಅದರ ಒಂದು ಬೋಲ್ಟೂ ನನ್ನ ಗಾಡಿಯ ಎಂಜಿನ್ನಿಗೆ ಉಪಯೋಗಕ್ಕೆ ಬರೋದಿಲ್ಲ. ಯೆಜ್ಡಿ ಎಂಬ ಹೆಸರು ಯಾರದ್ದು ಅನ್ನುವ ಜಗಳ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಹೆಸರಿಗೆ ವಾರಸುದಾರರು ಹಲವರು. ಹಳೆಯ ಗಾಡಿಗೆ ಯಾರೂ ಇಲ್ಲ, ಅದನ್ನು ಓಡಿಸುವವರ ಹೊರತು.

ಇನ್ನು ಕಾಗದದ ವಿಷಯ. ನಮ್ಮಲ್ಲಿ ಸ್ವಂತ ಗಾಡಿಯ ಆರ್‌ಸಿಗೆ 15 ವರ್ಷ ಆಯಸ್ಸು. ಆಮೇಲೆ ಐದೈದು ವರ್ಷಕ್ಕೆ ಗಾಡಿ ತೋರಿಸಿ ನವೀಕರಿಸಬೇಕು. ನಮ್ಮದು 2000, 2005, 2010, 2015, 2020 ಹೀಗೆ ಐದು ಸಲ ಪಾಸಾಗಿ 2025ರಲ್ಲಿ ಆರನೇ ಪರೀಕ್ಷೆಗೆ ಬಂತು. ಈ ನವೀಕರಣದ ಶುಲ್ಕ ಬೈಕಿಗೆ 300 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 1000 ಆಯಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಬೈಕಿಗೆ 2000 ಅಂತ ಮಾಡಿತು. ಇದರ ಮೇಲೆ ಹಸಿರು ತೆರಿಗೆ ಬೇರೆ. ಗಾಡಿಗೆ ಏನಾದರೂ ಆದರೆ ದುಡ್ಡು ಕೊಡುವ ವಿಮೆ ಇಷ್ಟು ಹಳೆಯದಕ್ಕೆ ಸುಲಭವಾಗಿ ಸಿಗೋದಿಲ್ಲ, ಥರ್ಡ್ ಪಾರ್ಟಿ ಮಾತ್ರ. ಅಂದರೆ ನನ್ನಿಂದ ಬೇರೆಯವರಿಗೆ ಆದ ನಷ್ಟಕ್ಕೆ ವಿಮೆ ಇದೆ, ಗಾಡಿಗೆ ಆದದ್ದು ನನ್ನ ತಲೆಗೇ.

50 ವರ್ಷ ದಾಟಿದರೆ 2021ರ ನಿಯಮದಂತೆ 'ವಿಂಟೇಜ್' ಅಂತ ನೋಂದಾಯಿಸಬಹುದು, ಹೊಸ ನೋಂದಣಿಗೆ 20,000 ರೂಪಾಯಿ. ನಮ್ಮ ಗಾಡಿಗೆ ಆ ಯೋಗ 2035ಕ್ಕೆ. ಆದರೆ ವಿಂಟೇಜ್ ಆದ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ಪೆಟ್ರೋಲ್ ಹಾಕಿಸೋದು, ರಿಪೇರಿ ಇಂಥದ್ದಕ್ಕೆ ಬಿಟ್ಟರೆ ದಿನನಿತ್ಯ ರಸ್ತೆಗಿಳಿಸುವ ಹಾಗಿಲ್ಲ. ಸನ್ಮಾನ ಮಾಡಿ ಮನೆಯಲ್ಲಿ ಕೂರಿಸಿದ ಹಾಗೆ. ಶಾಲು ಹೊದಿಸಿದ ಮೇಲೆ ಮಾತಾಡೋಕೆ ಯಾರೂ ಬಿಡೋದಿಲ್ಲವಲ್ಲ, ಹಾಗೆ.

ಅದಕ್ಕಿಂತ ಹತ್ತಿರದ ಚಿಂತೆ ಪೆಟ್ರೋಲ್. 2023ರ ಫೆಬ್ರುವರಿಯಲ್ಲಿ 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್ ಬಿಡುಗಡೆಯಾಯಿತು, 2025ರ ಹೊತ್ತಿಗೆ ಎಲ್ಲ ಕಡೆ ಅದೇ. ಎಥನಾಲ್ ಗಾಳಿಯ ತೇವ ಹೀರುತ್ತೆ. ಹಳೆಯ ರಬ್ಬರ್ ಪೈಪು, ವಾಷರುಗಳನ್ನು ಮೆತ್ತಗೆ ಮಾಡುತ್ತೆ. ಟೂ ಸ್ಟ್ರೋಕ್ ಗಾಡಿಗೆ ಆಯಿಲ್ ಬೆರೆಸಿಯೇ ಹಾಕಬೇಕು, ನಾನು ಲೀಟರಿಗೆ 40 ಮಿಲಿ ಹಾಕ್ತೀನಿ. ಮೊದಲು ಬಂಕಿನಲ್ಲೇ 2ಟಿ ಆಯಿಲಿನ ಕೈಪಂಪು ಇರುತ್ತಿತ್ತು. ಈಗ ಬಾಟಲಿ ಜೇಬಿನಲ್ಲಿಟ್ಟುಕೊಂಡು ಹೋದರೆ ಬಂಕಿನ ಹುಡುಗರು ವಿಚಿತ್ರವಾಗಿ ನೋಡ್ತಾರೆ. ವಾರಕ್ಕಿಂತ ಹೆಚ್ಚು ನಿಲ್ಲಿಸೋದಾದರೆ ಪೆಟ್ರೋಲ್ ನಲ್ಲಿ ಮುಚ್ಚಿ, ಕಾರ್ಬುರೇಟರ್ ಖಾಲಿಯಾಗುವ ತನಕ ಎಂಜಿನ್ ಓಡಿಸಿ ಬಿಡಿ. ಪೈಪು ಹೊಸ ಪೆಟ್ರೋಲಿಗೆ ತಡೆಯುವಂಥದ್ದನ್ನು ಹಾಕಿಸಿ. ಈ ಗಾಡಿ ಇರುವ ಗೆಳೆಯರಿಗೆ ನನ್ನ ಪುಕ್ಕಟೆ ಸಲಹೆ ಇಷ್ಟೇ.



ಹೋದ ತಿಂಗಳು ಆರ್‌ಟಿಓಗೆ ಹೋಗುವ ಮುಂಚೆ ಗಾಡಿಯನ್ನು ಭಾಯ್ ಹತ್ತಿರ ಬಿಟ್ಟಿದ್ದೆ. ಪಾಯಿಂಟ್ ಸಂದು ಸರಿ ಮಾಡಬೇಕಿತ್ತು. ಅವರು ಫೀಲರ್ ಗೇಜ್ ಹಿಡಿದು ಎರಡು ಮೂರು ಸಲ ನೋಡಿದರು. ಆಮೇಲೆ ನನ್ನ ಕೈಗೆ ಕೊಟ್ಟರು. "ನೀನೇ ನೋಡಪ್ಪಾ, ನಂಗೆ ಕಣ್ಣು ಕಾಣಿಸ್ತಾ ಇಲ್ಲ" ಅಂದರು.

ಇಪ್ಪತ್ತೈದು ವರ್ಷದಿಂದ ಆ ಶೆಡ್ಡಿಗೆ ಹೋಗ್ತಿದ್ದೀನಿ. ಒಮ್ಮೆಯೂ ನನ್ನ ಕೈಗೆ ಸ್ಪ್ಯಾನರ್ ಕೊಟ್ಟವರಲ್ಲ, ದೂರ ನಿಲ್ಲು ಅನ್ನುತ್ತಿದ್ದವರು. ನಾನು ಬಗ್ಗಿ ಸ್ಕ್ರೂ ಸಡಿಲಿಸಿ, ಗೇಜ್ ತೂರಿಸಿ, ಬಿಗಿ ಮಾಡಿದೆ. ಅವರು ಕಿಕ್ಕರ್ ಒತ್ತಿದರು. ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಯ್ತು. ಭಾಯ್ ಉದ್ದನೆಯ ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು ಸ್ವಲ್ಪ ಹೊತ್ತು ಕೇಳಿದರು. "ಬೇರಿಂಗ್ ಚೆನ್ನಾಗಿದೆ. ಇನ್ನು ಐದು ವರ್ಷಕ್ಕೆ ತೊಂದರೆ ಇಲ್ಲ" ಅಂದರು. ಆರ್‌ಸಿ ಕೂಡ ಐದೇ ವರ್ಷಕ್ಕೆ ಕೊಡೋದು!

ಅವರ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಶೆಡ್ಡಿಗೆ ಬರೋದಿಲ್ಲ. ಬರಬೇಕು ಅಂತ ಹೇಳೋಕೆ ನಾವ್ಯಾರು? ಬಿಡಿಭಾಗ ಹೇಗಾದರೂ ಸಿಗುತ್ತೆ, ಇಲ್ಲದಿದ್ದರೆ ಮಾಡಿಸಬಹುದು. ಹೊಗೆಯ ವಾಸನೆಯಲ್ಲೇ ಯಾವ ಕಡೆಯ ಸೀಲು ಅಂತ ಹೇಳುವ ಮೂಗು ಯಾವ ಲೇತಿನಲ್ಲೂ ತಯಾರಾಗಲ್ಲ. 'ಶಾಶ್ವತ' ಅಂತ ಕಂಪನಿ ಜಾಹೀರಾತಿನಲ್ಲಿ ಹಾಕಿದ್ದ ಮಾತನ್ನು ಇಷ್ಟು ವರ್ಷ ಉಳಿಸಿದವರು, ಅದೇ ಕಂಪನಿ ಬೀದಿಗೆ ಬಿಟ್ಟ ಈ ಜನ. ಅವರಿಗೆ ಯಾರೂ ವಾರಂಟಿ ಕೊಟ್ಟಿರಲಿಲ್ಲ.

ಅಣ್ಣ ಹೊರಡುವ ಮುಂಚೆ ಕೇಳಿದ್ದ, "ಇನ್ನೂ ಎಷ್ಟು ವರ್ಷ ಇಟ್ಕೋತೀಯಾ?" ಅಂತ. ಆವಾಗ ಉತ್ತರ ಹೊಳೆದಿರಲಿಲ್ಲ. ಈಗ ಪ್ರತಿ ಶನಿವಾರ ಮಧ್ಯಾಹ್ನ ಮಂಡಿ ಮೊಹಲ್ಲಾಗೆ ಹೋಗ್ತಿದ್ದೀನಿ. ಭಾಯ್ ಸ್ಟೂಲಿನ ಮೇಲೆ ಕೂತು ಹೇಳ್ತಾರೆ, ನಾನು ಬಿಚ್ಚಿ ಜೋಡಿಸ್ತೀನಿ. ಒಂದು ನೋಟ್ ಪುಸ್ತಕದಲ್ಲಿ ಕನ್ನಡದಲ್ಲೇ ಎಲ್ಲ ಬರೆದಿಡ್ತಾ ಇದ್ದೀನಿ, ಯಾವ ಸದ್ದಿಗೆ ಏನು ಅರ್ಥ, ಯಾವ ಬೋಲ್ಟು ಎಷ್ಟು ಬಿಗಿ ಅಂತ. ಹೋದ ವಾರ ಕ್ಲಚ್ ಪ್ಲೇಟ್ ಉಲ್ಟಾ ಹಾಕಿ ಬೈಸಿಕೊಂಡೆ.

ನಿಮ್ಮ ಅಟ್ಟದಲ್ಲಿ ಎಡಗಡೆ ಕವರ್ ಏನಾದ್ರೂ ಇದ್ರೆ ಮಾತ್ರ ಗುಜರಿಗೆ ಹಾಕಬೇಡಿ, ನಂಗೊಂದು ಮಾತು ತಿಳಿಸಿ :-)